ಕುಂಬಾರರ ಹುಡುಗಿ ಕಾಲಿಗೆ ಬಿದ್ದ ದಿನ

ಹತ್ತಿ ಗಿರಣಿಯಲ್ಲಿ ನನ್ನ ಎದುರು ಕೂತು ಹತ್ತಿ ಆರಿಸುತ್ತಿದ್ದವಳನ್ನು ನಾನು ಅಕ್ಕಾ ಎಂದೇ ಕರೆಯುತ್ತಿದ್ದೆ. ಅಮ್ಮಿನಬಾವಿಯ ಒಕ್ಕಲುತನದ ಮನೆಯ ಮಗಳು. ಎತ್ತರದ ಆಳು, ಅಗಲವಾದ ಭುಜ. ಗಂಡಾಳುಗಳು ಇಬ್ಬರು ಸೇರಿ ಹೊರಳಿಸುವ, ಹತ್ತಿ ತುಂಬಿದ ಗೋಣಿಯ ಅಂಡಿಗೆಯನ್ನು ಅವಳು ಒಬ್ಬಳೇ ಮೊಣಕಾಲು ಕೊಟ್ಟು ಎತ್ತಿ ನಿಲ್ಲಿಸುತ್ತಿದ್ದಳು. ಅಂಥವಳು ಕೆಲವು ದಿನ ಬೆಳಿಗ್ಗೆ ಮುಖದ ಅರ್ಧಕ್ಕೆ ಸೆರಗು ಎಳೆದುಕೊಂಡು ಬರುತ್ತಿದ್ದಳು. ಹತ್ತಿಯ ಧೂಳಿಗೆ ಸೀನು ಬಂದು ಸೆರಗು ಸರಿದರೆ ಕಣ್ಣಿನ ಕೆಳಗೆ ಬದನೆಕಾಯಿ ಬಣ್ಣದ ಬಾವು ಕಾಣುತ್ತಿತ್ತು. ನಾವು ಯಾರೂ ಕೇಳುತ್ತಿರಲಿಲ್ಲ. ಹೊಡೆಯುವವನು ಅವಳ ಗಂಡ ಎಂಬುದು ಎಲ್ಲರಿಗೂ ಗೊತ್ತಿತ್ತು.

ಗಂಡ ದುರ್ಗದಬೈಲಿನ ಹತ್ತಿರದ ಒಂದು ಟಾಕೀಜಿನಲ್ಲಿ ಗೇಟ್‌ಕೀಪರ್. ಹೆಂಗಸರ ಕ್ಲಾಸಿನ ಬಾಗಿಲು ಅವನದು. ಕುಡಿಯುತ್ತಿರಲಿಲ್ಲ, ಬೀಡಿ ಸಹ ಸೇದುತ್ತಿರಲಿಲ್ಲ. ಇಸ್ತ್ರಿ ಮಾಡಿದ ಖಾಕಿ ಅಂಗಿ, ಹಿತ್ತಾಳೆ ಬಕ್ಕಲ್ಲಿನ ಬೆಲ್ಟು. ಮುದುಕಿಯರು ಬಂದರೆ ಕೈ ಹಿಡಿದು "ಬರ್ರಿ ತಾಯಿ, ಇಲ್ಲಿ ಮೆಟ್ಲ ಅದಾವು, ನೋಡಿ ಇಡ್ರಿ ಕಾಲು" ಎಂದು ಬ್ಯಾಟರಿ ಬಿಟ್ಟು ದಾರಿ ತೋರಿಸುತ್ತಿದ್ದ. ಆ ಬೆಲ್ಟಿನ ಬಕ್ಕಲ್ಲಿನ ಗುರುತು ಅಕ್ಕನ ಬೆನ್ನ ಮೇಲೆ ಎಲ್ಲೆಲ್ಲಿ ಇತ್ತು ಎಂಬುದನ್ನು ನಾನು ಒಮ್ಮೆ ಗಿರಣಿಯ ನಳದ ಕೆಳಗೆ ಅವಳು ಮೈ ತೊಳೆಯುವಾಗ ನೋಡಿದ್ದೆ.

ನಾನು ಸುಳ್ಳ ಎಂಬ ಹಳ್ಳಿಯವಳು. ಅಪ್ಪ ತೀರಿಕೊಂಡ ಮೇಲೆ ಅವ್ವನೂ ನಾನೂ ಹಳೇ ಹುಬ್ಬಳ್ಳಿಗೆ ಬಂದು ಒಂದು ಖೋಲಿ ಹಿಡಿದಿದ್ದೆವು. ನನಗಾಗ ಇಪ್ಪತ್ತರ ಆಜುಬಾಜು. ಅರವತ್ತನೇ ಇಸವಿ ದಾಟಿ ಸ್ವಲ್ಪೇ ದಿನವಾಗಿತ್ತು. ನಾನು ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿದ್ದೆ. ಹತ್ತಿ ಆರಿಸುವ ಹೆಂಗಸರಲ್ಲಿ ಸರಾಗವಾಗಿ ಓದಲು ಬರುತ್ತಿದ್ದುದು ನನಗೊಬ್ಬಳಿಗೇ. ಹೀಗಾಗಿ ಮಧ್ಯಾಹ್ನದ ರೊಟ್ಟಿ ಹೊತ್ತಿನಲ್ಲಿ ಬೇವಿನ ಗಿಡದ ಕೆಳಗೆ ಪುಸ್ತಕ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಯಿಂದ ನಾನು ತರುತ್ತಿದ್ದುದು ಒಂದೇ ಕಥೆ, ಭಾಗ ಭಾಗವಾಗಿ ಬರುತ್ತಿದ್ದದ್ದು. ಆ ದಿನಗಳಲ್ಲಿ ಅದನ್ನು ಓದದ ಮನೆ ಹುಬ್ಬಳ್ಳಿ–ಧಾರವಾಡದಲ್ಲಿ ಕಡಿಮೆ. ಒಬ್ಬ ಕುಂಬಾರರ ಹುಡುಗಿ. ಅವಳು ಮಣ್ಣಿನ ಗೊಂಬೆಯ ಮೂಗಿನಲ್ಲಿ ಉಸಿರು ಊದಿದರೆ ಗೊಂಬೆಗೆ ಜೀವ ಬರುತ್ತದೆ. ಇದು ಗೊತ್ತಾಗಿ ಒಬ್ಬ ಮಾಂತ್ರಿಕ ಅವಳ ಅಪ್ಪನನ್ನು ಕೊಂದು, ಅವಳನ್ನು ಎಳೆದೊಯ್ದು ತಾಳಿ ಕಟ್ಟುತ್ತಾನೆ. ಹಗಲೆಲ್ಲ ಅವಳಿಂದ ಮಣ್ಣಿನ ಸಿಪಾಯಿಗಳನ್ನು ಮಾಡಿಸುತ್ತಾನೆ, ಸಿಪಾಯಿಗಳಿಂದ ಊರು ಸುಡಿಸುತ್ತಾನೆ. ಊದಲಾರೆ ಎಂದ ದಿನ ಅವಳ ಒಂದೊಂದು ಬೆರಳನ್ನು ದೀಪದಲ್ಲಿ ಸುಡುತ್ತಾನೆ. ನಾಲ್ಕು ಭಾಗಗಳ ತುಂಬ ಹುಡುಗಿ ಸುಟ್ಟ ಬೆರಳಿನಿಂದಲೇ ಮಣ್ಣು ಕಲಸುತ್ತಾಳೆ. ಐದನೆಯ ಭಾಗದಲ್ಲಿ, ಗೊಂಬೆ ಬೇಯಿಸುವ ಆವಿಗೆಯೊಳಗೆ ಮಾಂತ್ರಿಕ ಬಗ್ಗಿ ನೋಡುವಾಗ, ಅವಳು ಹಿಂದಿನಿಂದ ಅವನ ಎರಡೂ ಕಾಲು ಹಿಡಿದೆತ್ತಿ ಬೆಂಕಿಯೊಳಗೆ ನೂಕಿ ಬಾಯಿಗೆ ಹಸಿಮಣ್ಣು ಮೆತ್ತುತ್ತಾಳೆ.

ಅದನ್ನು ಓದಿದ ಮಧ್ಯಾಹ್ನ ಯಾರೂ ರೊಟ್ಟಿ ಮುರಿಯಲಿಲ್ಲ. ಒಬ್ಬ ಮುದುಕಿ, ಗಿರಣಿಯಲ್ಲಿ ಎಲ್ಲರಿಗಿಂತ ಹಿರಿಯಳು, ನೆಲಕ್ಕೆ ಕೈ ಬಡಿದು "ಸುಡು! ಸುಡು ಅವನ್ನ!" ಎಂದಳು. ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ.

"ಇನ್ನೊಮ್ಮಿ ಓದು," ಎಂದಳು.

"ಎಲ್ಲಿಂದ ಓದ್ಲಿ ಅಕ್ಕಾ?"

"ಆಂವ ಬಗ್ಗತಾನಲ್ಲ, ಅಲ್ಲಿಂದ."

ಮತ್ತೆ ಓದಿದೆ. ಮರುದಿನವೂ ಓದಿಸಿದಳು. ಆಮೇಲೆ ಅವಳು ಆ ಹುಡುಗಿಯ ವಿಷಯ ಮಾತಾಡುವಾಗ ತನ್ನ ತಂಗಿಯೊಬ್ಬಳು ಬೇರೆ ಊರಿನಲ್ಲಿ ಇದ್ದಾಳೆನ್ನುವ ಹಾಗೆ ಮಾತಾಡುತ್ತಿದ್ದಳು. "ಪಾಪ, ಅಕಿಗಿ ಈಗ ಮಣ್ಣ ಮುಟ್ಟಿದ್ರ ಬೆರಳ ಉರಿತಾವೇನೋ," ಅನ್ನುತ್ತಿದ್ದಳು.

ಆ ಕಥೆ ಸಿನೆಮಾ ಆಗುತ್ತದೆ ಎಂಬ ಸುದ್ದಿ ಬಂದಾಗ ಗಿರಣಿಯಲ್ಲಿ ಹಬ್ಬದ ಹಾಗಾಯಿತು. ಮಣ್ಣಿನ ಸಿಪಾಯಿಗಳನ್ನು ಹೇಗೆ ಎಬ್ಬಿಸುತ್ತಾರೆ, ಆವಿಗೆಯ ಬೆಂಕಿ ಹೇಗೆ ತೋರಿಸುತ್ತಾರೆ ಎಂದು ವಾದವೋ ವಾದ. ಒಂದು ದಿನ ಟಾಂಗಾದಲ್ಲಿ ಬ್ಯಾಂಡು ಬಾರಿಸುತ್ತ, ದೊಡ್ಡ ಬೋರ್ಡು ಕಟ್ಟಿಕೊಂಡು ಟಾಕೀಜಿನವರು ಗಿರಣಿಯ ಮುಂದೆ ಹಾದುಹೋದರು. ನಾವೆಲ್ಲ ಗೇಟಿಗೆ ಓಡಿದೆವು. ಬೋರ್ಡಿನ ಮೇಲೆ ನಾಯಕಿ ಬೆಳ್ಳಗೆ, ಮೈತುಂಬ ಆಭರಣ ಹಾಕಿಕೊಂಡು ನಗುತ್ತಿದ್ದಳು. ಎರಡೂ ಅಂಗೈಯಲ್ಲಿ ಮೆಹಂದಿ.

"ಬೆರಳ ನೋಡ್ರಿ, ಹತ್ತೂ ನೆಟ್ಟಗ ಅದಾವು," ಎಂದೆ ನಾನು.

"ಸುಟ್ಟ ಬೆರಳ ತೋರ್ಸಿದ್ರ ಯಾರ ಬರ್ತಾರ ನೋಡಾಕ?" ಎಂದಳು ಒಬ್ಬಳು.

"ಮತ್ತ ಆ ಕಥಿ ಯಾಕ ತಗೊಂಡ್ರು? ಬ್ಯಾರೆ ಹುಡುಗಿ ಕಥಿ ಇರಲಿಲ್ಲೇನು?" ಎಂದು ಅಕ್ಕ ಅವಳ ಮೇಲೆ ಏರಿಹೋದಳು. ಅವತ್ತೇ ಮೊದಲು ನಾನು ಅಕ್ಕನ ದನಿ ಅಷ್ಟು ಜೋರಾಗಿ ಕೇಳಿದ್ದು.

ಸಿನೆಮಾ ಬಿಡುಗಡೆಯಾದ ಮರುದಿನ ಅಕ್ಕ ಬಂದಾಗ ಕೆಳತುಟಿ ಸೀಳಿತ್ತು. ಮಾತಾಡಿದರೆ ರಕ್ತ ಒಸರುತ್ತಿತ್ತು. ಆದರೂ ಅವತ್ತು ಗಂಡ ಆಡಿದ ಮಾತನ್ನು ಅವಳಾಗಿಯೇ ಹೇಳಿದಳು.

"ನಿಮ್ಮ ಕುಂಬಾರ್ತಿ ಕಡೀಕ ಏನ ಮಾಡ್ತಾಳ ಗೊತ್ತೈತೇನು ಅಂತ ಕೇಳಿದ. ಬೆಂಕ್ಯಾಗ ದೂಡ್ತಾಳ ಅಂದ್ನಿ. ನಕ್ಕ. ಕಾಲಿಗಿ ಬೀಳ್ತಾಳ ನೋಡ ಹೋಗು, ಗಂಡನ ಕಾಲಿಗಿ ಅಂದ. ಸುಳ್ಳ ಅಂದ್ನಿ. ಅದಕ್ಕ ಹೊಡದ."

"ಖರೇನ ಬೀಳ್ತಾಳೇನು?" ಎಂದಳು ಮುದುಕಿ.

"ಆಂವ ಸುಳ್ಳ ಹೇಳ್ತಾನ," ಎಂದು ಅಕ್ಕ ಸೆರಗಿನಿಂದ ತುಟಿ ಒತ್ತಿಕೊಂಡಳು. "ಅಕಿ ಹಂಗ ಮಾಡಂಗಿಲ್ಲ."

ಗಿರಣಿಗೆ ಸೂಟಿ ಇದ್ದ ದಿನ ಮಧ್ಯಾಹ್ನದ ಆಟಕ್ಕೆ ಎಲ್ಲರೂ ಹೋಗುವುದು ಎಂದಾಯಿತು. ಅಕ್ಕ ಗಂಡನಿಗೆ ಹೇಳಿರಲಿಲ್ಲ. ಹೆಂಗಸರ ಬಾಗಿಲಲ್ಲಿ ನಮ್ಮ ತಿಕೀಟು ಹರಿಯುವಾಗ ಅವನು ಅವಳನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ಎಲ್ಲರಿಗೂ ನಗುವ ಹಾಗೆಯೇ ನಕ್ಕು, "ಬರ್ರಿ, ಬರ್ರಿ. ಛಲೋ ಕಣ್ಣ ತೆರದ ನೋಡ್ರಿ," ಎಂದ.

ಒಳಗೆ ಬೆಂಚುಗಳ ನಡುವೆ ಕಾಲಿಡಲು ಜಾಗವಿರಲಿಲ್ಲ. ನಮ್ಮ ಹಿಂದಿನ ಸಾಲಿನಲ್ಲಿ ಹತ್ತಿ ಅಡತಿ ವ್ಯಾಪಾರದ ಮನೆಯ ಒಬ್ಬ ಹೆಂಗಸು ತನ್ನ ಸೊಸೆಯಂದಿರನ್ನು ಕರೆದುಕೊಂಡು ಬಂದು ಕೂತಿದ್ದಳು. ಹಣೆತುಂಬ ವಿಭೂತಿ, ಕಿವಿಯಲ್ಲಿ ಭಾರದ ಬೆಂಡೋಲೆ, ಇಳಕಲ್ ಸೀರೆ. ಅವಳನ್ನು ನಾವು ಪೇಟೆಯಲ್ಲಿ ನೋಡಿದ್ದೆವು, ಎಲ್ಲರೂ ಅವ್ವಾರು ಎನ್ನುತ್ತಿದ್ದರು. ಅವಳೂ ಆ ಪುಸ್ತಕ ಓದಿಸಿ ಕೇಳಿದವಳೇ ಎಂಬುದು ನಮಗೆ ಗೊತ್ತಿತ್ತು.

ಸಿನೆಮಾದಲ್ಲಿ ಒಳ್ಳೆಯದು ಏನೂ ಇರಲಿಲ್ಲ ಎಂದು ನಾನು ಹೇಳಲಾರೆ. ಮಣ್ಣಿನ ಸಿಪಾಯಿಗಳು ಒಬ್ಬೊಬ್ಬರಾಗಿ ಕಣ್ಣು ಬಿಡುವಾಗ ನನ್ನ ಮೈ ಜುಮ್ಮೆಂದಿತ್ತು. ನಾನು ಓದುವಾಗ ನನ್ನ ಮನಸ್ಸಿನಲ್ಲಿ ಮೂಡಿದ್ದಕ್ಕಿಂತ ಅದು ದೊಡ್ಡದಾಗಿತ್ತು. ಆದರೆ ಹುಡುಗಿಯ ಅಪ್ಪನನ್ನು ಕೊಲ್ಲುವುದನ್ನು ತೆಗೆದುಹಾಕಿದ್ದರು, ಅಪ್ಪ ಜ್ವರ ಬಂದು ಸಾಯುತ್ತಾನೆ. ಬೆರಳು ಸುಡುವುದೂ ಇಲ್ಲ, ಮಾಂತ್ರಿಕ ದೀಪ ಹತ್ತಿರ ತಂದು ಹೆದರಿಸಿ ಬಿಡುತ್ತಾನೆ. ಇಂಟರ್ವಲ್‌ನಲ್ಲಿ ಚುರಮರಿ ತಿನ್ನುತ್ತ ನಮ್ಮವರಲ್ಲೇ ಎರಡು ಗುಂಪಾದವು. "ಎಷ್ಟ ಛಂದ ಹಾಡ ಅದಾವು" ಎಂದು ಒಬ್ಬರು, "ಹಾಡಿಗಿ ಬಂದಿದ್ದೇನು ನಾವು" ಎಂದು ಇನ್ನೊಬ್ಬರು. ಅಕ್ಕ ಚುರಮರಿ ಮುಟ್ಟಲಿಲ್ಲ. "ಆವಿಗಿ ಇನ್ನ ಬರಬೇಕಲ್ಲ, ತಡೀರಿ," ಎಂದಳು.

ಆವಿಗೆ ಬಂತು. ಬೆಂಕಿ ಪರದೆಯ ತುಂಬ ಎದ್ದಿತು. ಮಾಂತ್ರಿಕ ಬಗ್ಗಿದ. ಹುಡುಗಿ ಹಿಂದಿನಿಂದ ಬಂದು ಅವನ ಕಾಲು ಹಿಡಿದಳು. ಅಕ್ಕ ನನ್ನ ತೋಳು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ನನ್ನ ಬಳೆ ಒಡೆದು ಚರ್ಮಕ್ಕೆ ನೆಟ್ಟಿತು. ಪರದೆಯ ಮೇಲೆ ಹುಡುಗಿ ಕಾಲು ಎತ್ತಲಿಲ್ಲ. ಹಿಡಿದ ಕಾಲಿನ ಮೇಲೆ ತಲೆ ಇಟ್ಟಳು. ತಾಳಿ ಕಣ್ಣಿಗೊತ್ತಿಕೊಂಡು ಅತ್ತಳು. ಮಾಂತ್ರಿಕ ತಿರುಗಿ ನೋಡಿ, ಅವಳನ್ನು ಎಬ್ಬಿಸಿ, ಹಾಡು ಹಾಡಿದ.

ಹಿಂದಿನ ಸಾಲಿನಲ್ಲಿ ಹೆಂಗಸರು ಮೂಗು ಒರೆಸಿಕೊಳ್ಳುವುದು ಕೇಳಿಸಿತು. ಅಕ್ಕ ಎದ್ದು ನಿಂತಳು.

"ಸುಳ್ಳ!" ಎಂದು ಒದರಿದಳು. "ಅಕಿ ಹಂಗ ಮಾಡಿಲ್ಲ! ದೂಡ್ಯಾಳ ಅಕಿ! ಬೆಂಕ್ಯಾಗ ದೂಡ್ಯಾಳ!"

"ಕೂಡವಾ, ನಮಗ ಕಾಣವಲ್ತು," ಎಂದಳು ವ್ಯಾಪಾರದ ಮನೆಯ ಅವ್ವಾರು.

"ನೀವೂ ಓದಿಸೀರಲ್ರಿ! ಖರೇ ಹೇಳ್ರಿ, ಪುಸ್ತಕದಾಗ ಹಿಂಗೈತೇನು?"

"ಇರ್ಲಿಕ್ಕಿಲ್ಲ. ಇದ ಛಲೋ ಮಾಡ್ಯಾರ. ಗಂಡನ್ನ ಸುಡೂದು ಯಾವ ಧರ್ಮ? ಮಾಪಿ ಮಾಡಿದಾಕಿ ದೊಡ್ಡಾಕಿ."

"ನಿಮ್ಮ ಬೆರಳ ಸುಟ್ಟಿದ್ರ ಗೊತ್ತಾಗ್ತಿತ್ತು!"

ಆ ಮಾತಿಗೆ ಅವಳ ಸೊಸೆಯೊಬ್ಬಳು ಅಕ್ಕನ ಬೆನ್ನಿಗೆ ನೂಕಿದಳು. ನಮ್ಮ ಮುದುಕಿ ತಿರುಗಿ ಆ ಸೊಸೆಯ ಕೆನ್ನೆಗೆ ಬಾರಿಸಿದಳು. ಮುಂದೆ ಯಾರು ಯಾರಿಗೆ ಹೊಡೆದರೆಂದು ಹೇಳುವುದು ಕಷ್ಟ. ರೊಟ್ಟಿ ಡಬ್ಬಿಗಳು ತೂರಿಬಂದವು. ಜಡೆ ಹಿಡಿದವರು, ಕುಪ್ಪಸ ಹರಿದವರು, ಬೆಂಚಿನ ಕೆಳಗೆ ಬಿದ್ದು ತುಳಿಸಿಕೊಂಡವರು. ಪರದೆಯ ಮೇಲೆ ಇನ್ನೂ ಹಾಡು ನಡೆದಿತ್ತು. ಯಾರೋ ಹಿತ್ತಾಳೆ ಡಬ್ಬಿಯಿಂದ ನನ್ನ ಹುಬ್ಬಿನ ಮೇಲೆ ಹೊಡೆದರು, ಕಣ್ಣಿಗೆ ರಕ್ತ ಇಳಿದು ಎಲ್ಲ ಕೆಂಪಾಯಿತು. ನಾನೂ ಕೈಗೆ ಸಿಕ್ಕವರ ಕೂದಲು ಹಿಡಿದು ಜಗ್ಗುತ್ತಿದ್ದೆ. ಅಕ್ಕ ಮತ್ತು ವ್ಯಾಪಾರದ ಮನೆಯ ಅವ್ವಾರು ಒಬ್ಬರನ್ನೊಬ್ಬರು ಹಿಡಿದುಕೊಂಡು ಉರುಳಿದ್ದರು. ಬೆಂಡೋಲೆ ಜಗ್ಗಿ ಅವ್ವಾರ ಕಿವಿ ಹರಿದು ಕುತ್ತಿಗೆಯವರೆಗೆ ರಕ್ತ ಹರಿಯುತ್ತಿತ್ತು.

ಆಗ ಬಾಗಿಲು ತೆರೆದು ಗೇಟ್‌ಕೀಪರ್ ಒಳಗೆ ಬಂದ. "ತಾಯಿ, ಸರೀರಿ, ಸರೀರಿ," ಎನ್ನುತ್ತ ಬಂದವನ ಬ್ಯಾಟರಿಯ ಬೆಳಕು ಅಕ್ಕನ ಮುಖದ ಮೇಲೆ ಬಿತ್ತು. ಅವಳ ತುರುಬಿಗೆ ಕೈ ಹಾಕಿ ಬೆಂಚುಗಳ ನಡುವಿನ ದಾರಿಗೆ ದರದರ ಎಳೆದ. ಅವಳು ಏಳಲು ನೋಡಿದಾಗ ಬ್ಯಾಟರಿಯಿಂದ ಕಿವಿಯ ಮೇಲೆ ಹೊಡೆದ. ತಗಡಿನ ಸದ್ದು ನನಗೆ ಇಂದಿಗೂ ನೆನಪಿದೆ. ಬ್ಯಾಟರಿ ಸೆಲ್ಲುಗಳು ಉದುರಿ ನೆಲದ ಮೇಲೆ ಉರುಳಿದವು. ಅವನು ಬೆಲ್ಟು ಬಿಚ್ಚಿದ. ಬಕ್ಕಲ್ಲು ತುದಿಗೆ ಬರುವ ಹಾಗೆ ಕೈಗೆ ಸುತ್ತಿಕೊಂಡು ಹೊಡೆದ, ಮತ್ತೆ ಹೊಡೆದ. ಅಕ್ಕ ತೋಳಿನಿಂದ ತಲೆ ಮುಚ್ಚಿಕೊಂಡಳು. ಕೂಗಲೂ ಇಲ್ಲ. ಅವಳಿಗೆ ಅದು ರೂಢಿಯಾಗಿತ್ತು ಎಂಬುದು ಆ ಕ್ಲಾಸಿನ ಹೆಂಗಸರಿಗೆಲ್ಲ ಒಮ್ಮೆಲೇ ತಿಳಿಯಿತು.

ಯಾರೋ ದೀಪ ಹಾಕಿದರು. ಎಲ್ಲರೂ ಜಗಳ ಬಿಟ್ಟು ನಿಂತು ನೋಡುತ್ತಿದ್ದರು. ಮೊದಲು ಅವನ ಮೇಲೆ ಬಿದ್ದವರು ನಮ್ಮವರಲ್ಲ. ಹರಿದ ಕಿವಿಯನ್ನು ಒಂದು ಕೈಯಿಂದ ಒತ್ತಿ ಹಿಡಿದಿದ್ದ ವ್ಯಾಪಾರದ ಮನೆಯ ಅವ್ವಾರು ಇನ್ನೊಂದು ಕೈಯಲ್ಲಿ ಚಪ್ಪಲಿ ಹಿಡಿದು ಅವನ ಬಾಯಿಯ ಮೇಲೆ ಹೊಡೆದಳು.

"ಬರ್ರಿ ತಾಯಿ ಅಂತಿದ್ಯಲ್ಲೋ! ಇದ ಬಾಯಿಲೆ ಅಂತಿದ್ಯೇನು?"

ಆಮೇಲೆ ಎಲ್ಲರೂ. ಹಾಡಿಗೆ ಅತ್ತವರು, ಸಿನೆಮಾ ಸುಳ್ಳೆಂದವರು, ಪುಸ್ತಕವನ್ನೇ ಕೇಳದವರು. ಅವನದೇ ಬೆಲ್ಟು ಅವನ ಬೆನ್ನ ಮೇಲೆ ಬಿತ್ತು. ಅವನ ಮೂಗು ಒಡೆಯಿತು, ಎರಡು ಹಲ್ಲು ನೆಲದ ಮೇಲೆ ಬಿದ್ದದ್ದನ್ನು ನಾನೇ ನೋಡಿದೆ. ಗಂಡಸರ ಕ್ಲಾಸಿನಿಂದ ಜನ ಬಂದು ಬಿಡಿಸದಿದ್ದರೆ ಅವನು ಅವತ್ತು ಉಳಿಯುತ್ತಿರಲಿಲ್ಲ. ನನಗೆ ಆಗ ಅವನು ಉಳಿಯಬೇಕು ಅನಿಸಿಯೂ ಇರಲಿಲ್ಲ.

ಪೋಲೀಸರು ಬಂದು ರಕ್ತ ಹತ್ತಿದವರನ್ನೆಲ್ಲ ಮೊದಲು ದವಾಖಾನೆಗೆ, ಅಲ್ಲಿಂದ ಠಾಣೆಗೆ ಒಯ್ದರು. ನನ್ನ ಹುಬ್ಬಿಗೆ ಹೊಲಿಗೆ ಬಿದ್ದವು. ಅಕ್ಕನ ಕಿವಿಯೊಳಗಿನ ಪರದೆ ಹರಿದಿದೆ, ಆ ಕಿವಿ ಇನ್ನು ಕೇಳುವುದಿಲ್ಲ ಎಂದರು ಡಾಕ್ಟರು. ಠಾಣೆಯಲ್ಲಿ ಫೌಜದಾರ ಕುರ್ಚಿಯಲ್ಲಿ ಕೂತು ನಮ್ಮನ್ನು ನೋಡಿದ.

"ಯಾತಕ್ಕ ಬಡದಾಡಿದ್ರಿ?"

"ಸಿನೆಮಾದಾಗ ಕಡೀಕ ತಪ್ಪ ತೋರಸ್ಯಾರಿ ಸಾಹೇಬ್ರ," ಎಂದಳು ಮುದುಕಿ. "ಪುಸ್ತಕದಾಗ ಹಂಗಿಲ್ರಿ."

"ಪುಸ್ತಕಕ್ಕ ಬಡದಾಡಿದ್ರೇನು?" ಅವನಿಗೆ ನಂಬಿಕೆ ಬರಲಿಲ್ಲ.

ಗೇಟ್‌ಕೀಪರ್ ಮುಖಕ್ಕೆ ಒದ್ದೆ ಬಟ್ಟೆ ಒತ್ತಿಕೊಂಡು ಮೂಲೆಯಲ್ಲಿ ಕೂತಿದ್ದ. ತಾನು ಜಗಳ ಬಿಡಿಸಲು ಹೋಗಿದ್ದೆ ಎಂದ. ಫೌಜದಾರ ಅವನ ಮಾತು ನಂಬುವವನೇ ಇದ್ದ. ಆದರೆ ವ್ಯಾಪಾರದ ಮನೆಯ ಅವ್ವಾರು ಬೆಂಚಿನಿಂದ ಎದ್ದು ಮುಂದೆ ಬಂದಳು. ಅವಳನ್ನು ನೋಡಿ ಫೌಜದಾರನೂ ಎದ್ದು ನಿಂತ. ದೊಡ್ಡ ಮನೆತನ.

"ನನ್ನ ಕಿವಿ ಹರದಾಕಿ ಈಕಿ," ಎಂದು ಅಕ್ಕನ ಕಡೆ ತೋರಿಸಿದಳು. "ಅದು ನಮ್ಮ ಇಬ್ಬರ ಜಗಳ, ಅದಕ್ಕ ನಂದೇನ ಫಿರ್ಯಾದಿ ಇಲ್ಲ. ಆಂವ ಬಿಡಸಾಕ ಬಂದಿಲ್ರಿ. ಹೆಣ್ಮಗಳ್ನ ಬಕ್ಕಲ್ಲಿಲೆ ಬಡದಾನ. ಈಕಿ ಬೆನ್ನ ನೋಡಸ್ರಿ ಬೇಕಾದ್ರ. ಇವತ್ತಿಂದಷ್ಟ ಅಲ್ಲ."

ನಮ್ಮನ್ನು ಸಂಜೆಗೇ ಬಿಟ್ಟರು, ಅವನನ್ನು ಒಂದು ರಾತ್ರಿ ಕೂಡಿಹಾಕಿದರು. ಅಕ್ಕ ಗಂಡನ ಮನೆಗೆ ಹೋಗಲಿಲ್ಲ. ನಮ್ಮ ಖೋಲಿಗೆ ಬಂದಳು. ಅವ್ವ ಏನೂ ಕೇಳದೆ ಅವಳಿಗೆ ಹಾಸಿಕೊಟ್ಟಳು.

ಬಾವು ಇಳಿಯುವಷ್ಟರಲ್ಲಿ ಅವಳ ಗಂಡ ಬಂದ. ಒಬ್ಬನೇ ಅಲ್ಲ, ಅಮ್ಮಿನಬಾವಿಯಿಂದ ಅಕ್ಕನ ಅಣ್ಣನನ್ನೂ ಕರೆಸಿಕೊಂಡು ಬಂದಿದ್ದ. ಬಿಸಿಲು ಏರಿದ ಹೊತ್ತು. ಅವ್ವ ಒಲೆಯ ಮುಂದೆ, ನಾನು ಹಿಟ್ಟು ಜರಡಿ ಹಿಡಿಯುತ್ತಿದ್ದೆ. ಅಕ್ಕ ಹೊರಗಿನ ಕಟ್ಟೆಯ ಮೇಲೆ ಕೂತಿದ್ದಳು.

"ನಡಿ ಮನಿಗಿ," ಎಂದ ಗಂಡ. ಹಲ್ಲು ಹೋದ ಬಾಯಿಂದ ಮಾತು ಸೀಟಿಯ ಹಾಗೆ ಬರುತ್ತಿತ್ತು.

"ಬರಂಗಿಲ್ಲ."

"ಹೋಗವಾ ತಂಗಿ," ಎಂದ ಅಣ್ಣ, ಮುಖ ನೋಡದೆ. "ಜನ ಏನಂತಾರ. ಸಿನೆಮಾದಾಕಿ ಸೈತ ಗಂಡನ ಕಾಲಿಗಿ ಬಿದ್ದಾಳಂತಲ್ಲ. ನೀ ಅಕಿಗಿಂತ ದೊಡ್ಡಾಕೇನು?"

ಗಂಡ ಕಟ್ಟೆ ಹತ್ತಿ ಅವಳ ಜಡೆಗೆ ಕೈ ಹಾಕಿದ. ಅವಳು ಎದ್ದಳು. ಎದ್ದವಳೇ ಒಂದು ಕೈ ಅವನ ಕುತ್ತಿಗೆಗೆ, ಇನ್ನೊಂದು ಕೈ ಸೊಂಟಕ್ಕೆ ಹಾಕಿ, ಮೊಣಕಾಲು ಕೊಟ್ಟು, ಅಂಡಿಗೆ ಎತ್ತಿದ ಹಾಗೆ ಎತ್ತಿ ಕಟ್ಟೆಯ ಮೇಲಿಂದ ಗಟಾರಕ್ಕೆ ಒಗೆದಳು. ಅವನ ಭುಜದ ಎಲುಬು ಕಲ್ಲಿಗೆ ಬಡಿದು ಮುರಿದ ಸದ್ದು ನಮಗೆಲ್ಲ ಕೇಳಿಸಿತು. ಅವನು ಅರಚುತ್ತಿದ್ದಾಗ ಅವಳೂ ಇಳಿದುಹೋಗಿ ಎದೆಯ ಮೇಲೆ ಕಾಲಿಟ್ಟಳು. ಕೈಯಲ್ಲಿ ಕಟ್ಟೆಯಿಂದ ಕಿತ್ತುಕೊಂಡ ಕಲ್ಲಿತ್ತು. ನಾನು ಓಡಿಹೋಗಿ ಅವಳ ಸೊಂಟ ಹಿಡಿದೆ. ಅವ್ವ ಮುಂದೆ ನಿಂತು, "ಬ್ಯಾಡವಾ, ಅವನ ಸಲುವಾಗಿ ನೀ ಜೇಲಿಗಿ ಹೋಗಬ್ಯಾಡ," ಎಂದು ಕೈಯಿಂದ ಕಲ್ಲು ಬಿಡಿಸಿಕೊಂಡಳು.

ಅಣ್ಣ ಅವನನ್ನು ಟಾಂಗಾಕ್ಕೆ ಹತ್ತಿಸಿಕೊಂಡು ಹೋದ.

"ಇಷ್ಟ ಶಕ್ತಿ ಇಟಗೊಂಡು ಇಷ್ಟ ವರ್ಷ ಯಾಕ ಸುಮ್ಮನಿದ್ದಿ ಅಕ್ಕಾ?" ಎಂದು ಆಮೇಲೆ ಕೇಳಿದೆ.

"ಗಂಡನ ಮ್ಯಾಲ ಕೈ ಎತ್ತಿದ್ರ ಭೂಮಿ ಬಾಯಿ ಬಿಡ್ತದ ಅಂತ ತಿಳಕೊಂಡಿದ್ನಿ," ಎಂದಳು. "ಏನೂ ಆಗಲಿಲ್ಲ. ಆಂವ ಬಿದ್ದ, ಅಷ್ಟ."

ಟಾಕೀಜಿನ ಮಾಲೀಕ ಅವನನ್ನು ಕೆಲಸದಿಂದ ತೆಗೆದ. ಗದಗಿಗೆ ಹೋಗಿ ಬೇರೆ ಸಂಸಾರ ಹೂಡಿದ ಎಂದು ಕೇಳಿದೆವು. ಆ ಸಂಸಾರದ ಹೆಂಗಸನ್ನು ನೆನೆದು ಅಕ್ಕ ಕೆಲವು ಸಲ ಊಟ ಬಿಟ್ಟು ಕೂರುತ್ತಿದ್ದಳು. ಸಿನೆಮಾ ಮಾತ್ರ ಬಡಿದಾಟದ ಸುದ್ದಿಯಿಂದಲೇ ಮತ್ತಷ್ಟು ದಿನ ತುಂಬಿ ನಡೆಯಿತು. ಗಿರಣಿಯಲ್ಲಿ ಸಿನೆಮಾದ ಕಡೆಯವರು ಒಂದು ಗಿಡದ ಕೆಳಗೆ, ಪುಸ್ತಕದ ಕಡೆಯವರು ಇನ್ನೊಂದು ಗಿಡದ ಕೆಳಗೆ ಕೂತು ಉಣ್ಣುವಂತಾಯಿತು. ಅದು ಒಂದು ಹಂಗಾಮು ನಡೆಯಿತು.

ಅಷ್ಟರಲ್ಲಿ ಆರನೆಯ ಭಾಗ ಬಂತು. ಎರಡೂ ಗುಂಪಿನವರು ಕೇಳಲು ಬಂದು ಕೂತರು. ಮೊದಲ ಪುಟಗಳಲ್ಲೇ ಮಾಂತ್ರಿಕ ಆವಿಗೆಯಿಂದ ಎದ್ದು ಬಂದಿದ್ದ. ಬೆಂಕಿ ಅವನನ್ನು ಸುಟ್ಟಿರಲಿಲ್ಲ, ಶುದ್ಧ ಮಾಡಿತ್ತು. ಹುಡುಗಿ ಅವನಿಗೆ ಆರತಿ ಎತ್ತಿದಳು. ಅವಳ ಬೆರಳುಗಳೂ ಮೊದಲಿನ ಹಾಗೆ ಆದವು. ನಾನು ಓದುತ್ತ ಓದುತ್ತ ದನಿ ಇಳಿಸಿದೆ. ಅಕ್ಕ ಕೇಳುವ ಕಿವಿಯನ್ನು ನನ್ನ ಕಡೆ ತಿರುಗಿಸಿ ಕೊನೆಯವರೆಗೆ ಕೇಳಿದಳು.

"ಕಥಿ ಬರಿಯಾಂವ ಸಿನೆಮಾ ನೋಡಿ ಬರದಾನ," ಎಂದಳು. "ಜನ ಹೊಡಿತಾರಂತ ಹೆದರ್ಯಾನ. ಇದನ್ನ ಕೊಟ್ಟ ಬಾ. ಇದರ ಮುಂದಿನ್ದು ತರಬ್ಯಾಡ."

ಮುಂದಿನ ಭಾಗಗಳು ಬಂದವು, ನಾವು ಓದಲಿಲ್ಲ.

ಅಕ್ಕ ನಮ್ಮ ವಾಡೆಯಲ್ಲೇ ಬೇರೆ ಖೋಲಿ ಹಿಡಿದು, ಗಿರಣಿಯ ಕೆಲಸ ಮಾಡಿಕೊಂಡು, ಯಾರ ಹಂಗೂ ಇಲ್ಲದೆ ಬದುಕಿದಳು. ವ್ಯಾಪಾರದ ಮನೆಯ ಅವ್ವಾರು ದುರ್ಗದಬೈಲಿನಲ್ಲಿ ಕಾಯಿಪಲ್ಲೆ ಕೊಳ್ಳುವಾಗ ಆಗೀಗ ಎದುರಾಗುತ್ತಿದ್ದಳು. ಇಬ್ಬರೂ ಮೊದಮೊದಲು ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು. ಆಮೇಲೊಂದು ದಿನ ಮೆಂತ್ಯಸೊಪ್ಪಿನ ರಾಶಿಯ ಮುಂದೆ ಅವ್ವಾರೇ ನಿಂತು ಶುರುಮಾಡಿದಳು.

"ಏನ ಹೇಳವಾ, ಮಾಪಿ ಮಾಡೂದು ದೊಡ್ಡದಲ್ಲೇನು? ನಾ ಈಗೂ ಅದ ಹೇಳ್ತೇನಿ. ಸಿನೆಮಾದ್ದ ಛಲೋ ಇತ್ತು."

"ಮಾಪಿ ಕೇಳಿದಾವಗ ಮಾಡಬಹುದ್ರಿ ಅವ್ವಾರ. ಆಂವ ಎಲ್ಲಿ ಕೇಳಿದ? ಹಾಡ ಹಾಡಿದ, ಅಷ್ಟ."

ಅವ್ವಾರು ಕೈಯಲ್ಲಿ ಮೆಂತ್ಯದ ಸಿವುಡು, ಒಂದು ಕಟ್ಟು, ಹಿಡಿದುಕೊಂಡೇ ಯೋಚಿಸಿದಳು. ಸೊಪ್ಪಿನವಳು "ತಗೊಳ್ರಿ, ಇಲ್ಲಾ ಬಿಡ್ರಿ" ಎಂದು ಕೂಗುತ್ತಿದ್ದಳು.

"ಹೌದು. ಕೇಳಲಿಲ್ಲ ಆಂವ," ಎಂದಳು ಅವ್ವಾರು ಕೊನೆಗೆ. "ಆದ್ರೂ ಸುಡಬಾರದಿತ್ತು."

"ಸುಡಬೇಕಿತ್ರಿ," ಎಂದಳು ಅಕ್ಕ.

ಇಬ್ಬರೂ ಜೋರಾಗಿ ವಾದ ಮಾಡುತ್ತ, ಒಬ್ಬರ ಚೀಲದ ಮೇಲೊಬ್ಬರು ಕೈಯಿಟ್ಟುಕೊಂಡು, ಉಳ್ಳಾಗಡ್ಡಿಯ ಸಾಲಿನ ಕಡೆ ನಡೆದರು. ನಾನು ಸೊಪ್ಪಿನವಳ ಹತ್ತಿರ ಎರಡು ಸಿವುಡು ಮೆಂತ್ಯ ಕಟ್ಟಿಸಿಕೊಂಡು ಅವರ ಹಿಂದೆ ಹೋದೆ.